ಗಜನಿ ಹೊಂಡದಲ್ಲಿ ಜೆಟ್ ಏರೇಟರ್: ಎರಡು ಬೆಳೆಗಳ ಅನುಭವ

ಕುಮಟಾ ಬಳಿ ಅಘನಾಶಿನಿ ಹಿನ್ನೀರಿನ ದಂಡೆಯ ಗಜನಿಯಲ್ಲಿರುವ (ಉಪ್ಪು ನೀರು ನುಗ್ಗುವ ತಗ್ಗು ಜಮೀನು) ನಮ್ಮ ಸಿಗಡಿ ಹೊಂಡಕ್ಕೆ ಕಳೆದ ವರ್ಷ ನೀರಿಗೆ ಗಾಳಿ ಬೆರೆಸುವ ಜೆಟ್ ಏರೇಟರ್ ಒಂದನ್ನು ತಂದೆವು. ಪಂಪು ತಳ್ಳುವ ನೀರು ಕಿರಿದಾದ ಕೊರಳಿನಲ್ಲಿ ವೇಗ ಪಡೆದಾಗ ಅಲ್ಲಿ ಒತ್ತಡ ಕುಸಿದು, ಮೇಲೆ ನಿಂತ ಕೊಳವೆಯಿಂದ ಗಾಳಿ ತಾನಾಗಿ ಒಳಗೆ ಬರುತ್ತದೆ; ಆ ಮಿಶ್ರಣ 25 ಮಿ.ಮೀ. ಮೂತಿಯಿಂದ ತಳದತ್ತ ಚಿಮ್ಮುತ್ತದೆ. ನೀರನ್ನು ಬಡಿದು ಗಾಳಿ ಬೆರೆಸುವ ಚಕ್ರವಾದ ಪ್ಯಾಡಲ್ ವೀಲ್ ಮುಖ್ಯವಾಗಿ ಮೇಲಿನ ನೀರನ್ನು ಕದಡುವುದರಿಂದ, ನಸುಕಿನಲ್ಲಿ ತಳದ ಆಮ್ಲಜನಕ ಲೀಟರಿಗೆ 4 ಮಿ.ಗ್ರಾಂಗಿಂತ ಇಳಿಯದಂತೆ ನೋಡಿಕೊಳ್ಳಲು ಇದು ಬೇಕಿತ್ತು.

ಅಂಗಡಿಯವರು ಕಳಿಸಿದ ಹುಡುಗ ಅದನ್ನು ಪ್ಯಾಡಲ್ ವೀಲಿನ ಎದುರಿಗೇ ಕೂಡಿಸಿ, "ಕದಡಿದ ನೀರಲ್ಲಿ ಇನ್ನೂ ಚೆನ್ನಾಗಿ ಬೆರೀತದೆ ಮಾರಾಯ್ರೆ" ಎಂದ. ನಮಗೂ ಹೌದೆನಿಸಿತು. ಮೊದಲ ಬೆಳೆಯುದ್ದಕ್ಕೂ ಆಚೆ ಮೂಲೆಯ ತಳದಲ್ಲಿ ಆಮ್ಲಜನಕದ ಮೀಟರು ಮಾತ್ರ ಮೇಲೇರಲಿಲ್ಲ.

ಎರಡನೆಯ ಬೆಳೆಗೆ ಮರಿ ಬಿಡುವ ಮುನ್ನ, ಹೊಸ ನೀರು ಇನ್ನೂ ತಿಳಿಯಾಗಿದ್ದಾಗ, ಗಾಳಿ ಕೊಳವೆಯ ತುದಿಗೆ ಪೈಪು ಸಿಕ್ಕಿಸಿ, ಬಟ್ಟೆಗೆ ಹಾಕುವ ನೀಲಿ ಕರಗಿಸಿದ ಬಕೆಟ್ಟಿನಲ್ಲಿ ಅದ್ದಿದೆ. ಯಂತ್ರ ನೀಲಿಯನ್ನು ಗಟಗಟನೆ ಹೀರಿತು. ಪ್ಯಾಡಲ್ ವೀಲ್ ನಿಲ್ಲಿಸಿದ್ದಾಗ ನೀಲಿ ಶಂಕುವಿನಂತೆ ಅಗಲವಾಗುತ್ತ ನೇರವಾಗಿ ದೂರಕ್ಕೆ ಸಾಗಿತು. ನಿಂತ ನೀರಿನಲ್ಲಿ ಜೆಟ್ಟಿನ, ಅಂದರೆ ಚಿಮ್ಮಿದ ಧಾರೆಯ, ಅಂಚಿನ ಸುಳಿಗಳು ಸುತ್ತಲಿನ ನೀರನ್ನು ಸೆಳೆದು ನುಂಗುತ್ತ ಹೋಗುತ್ತವೆ. ಗಾಳಿ ಬೆರೆಯದ ಜೆಟ್ಟಿನ ಲೆಕ್ಕದಂತೆ, ಇಷ್ಟು ದಪ್ಪದ ಮೂತಿಯಿಂದ ಒಂದು ಮೀಟರ್ ದೂರಕ್ಕೆ ನಡುವಿನ ವೇಗ ಏಳನೆಯ ಒಂದು ಭಾಗಕ್ಕೆ ಇಳಿದಿರುತ್ತದೆ, ಹರಿಯುವ ನೀರು ಮೂತಿಯಿಂದ ಹೊರಟದ್ದರ ಸುಮಾರು 13 ಪಟ್ಟಾಗಿರುತ್ತದೆ. ಈ ಸೆಳೆತದಿಂದಲೇ ತಳದ ನೀರು ಚಲಿಸುತ್ತದೆ.

ಪ್ಯಾಡಲ್ ವೀಲ್ ಚಾಲೂ ಮಾಡಿದೊಡನೆ ಶಂಕು ಎರಡು ಮಾರು ಹೋಗುವಷ್ಟರಲ್ಲಿ ಚಿಂದಿಯಾಯಿತು. ಜೆಟ್ಟಿನ ವೇಗ ಸುತ್ತಲಿನ ಸುಳಿಗಳ ವೇಗದ ಮಟ್ಟಕ್ಕೆ ಇಳಿದಾಗ ಆ ಸುಳಿಗಳು ಅದನ್ನು ಒಡೆದುಹಾಕುತ್ತವೆ. ಆಮೇಲೆ ಬಣ್ಣ ಹರಡುತ್ತದೆ ನಿಜ, ಆದರೆ ಜೆಟ್ ಹೊಸ ನೀರನ್ನು ಸೆಳೆಯುವುದು ನಿಂತೇಹೋಗುತ್ತದೆ. ನೋಡುವವರಿಗೆ ಅದೇ ಚೆನ್ನಾಗಿ ಬೆರೆತಂತೆ ಕಾಣುತ್ತದೆ, ನಾವು ಮೋಸಹೋದದ್ದೂ ಅಲ್ಲಿಯೇ.

ಯಂತ್ರವನ್ನು ಎದುರು ಮೂಲೆಗೆ ಒಯ್ದು, ಹೊಂಡದ ನೀರು ಸುತ್ತುವ ದಿಕ್ಕಿಗೇ ಮೂತಿ ತಿರುಗಿಸಿ ಕೂಡಿಸಿದ ಮೇಲೆ ಎರಡನೆಯ ಬೆಳೆಯಲ್ಲಿ ಆಚೆ ಮೂಲೆಯ ಅಳತೆ ಸುಧಾರಿಸಿತು. ಆದ್ದರಿಂದ ಯಂತ್ರದ ಬಗ್ಗೆ ನನ್ನ ತಕರಾರಿಲ್ಲ. ಜೊತೆಗೆ ಕೊಡುವ ಕೈಪಿಡಿಯಲ್ಲಿ ಅದನ್ನು ಎಲ್ಲಿ ಕೂಡಿಸಬೇಕೆಂಬ ಒಂದು ಸಾಲೂ ಇಲ್ಲದಿರುವುದು ಮತ್ತು ಉಪ್ಪು ನೀರಿಗೆಂದೇ ಮಾರುವ ಯಂತ್ರದ ಕ್ಲಾಂಪುಗಳು ಆರು ತಿಂಗಳಲ್ಲಿ ತುಕ್ಕು ಹಿಡಿದು ಉದುರಿದ್ದು ಮಾತ್ರ ಕ್ಷಮಿಸುವಂಥದ್ದಲ್ಲ.