ಪೋರ್ಟಲ್, ಕನ್ಸಲ್ಟೆಂಟ್, ಪರಿಚಯ: ಐದು ತಿಂಗಳ ಕೆಲಸ ಹುಡುಕಾಟದ ಲೆಕ್ಕ

ಈಗಿನ ಕೆಲಸ ನನಗೆ ಸಿಕ್ಕಿದ್ದು ಆರು ವರ್ಷದಿಂದ ಒಂದು ಮಾತೂ ಆಡದ ಒಬ್ಬರಿಂದ. ಹಳೆಯ ಆಫೀಸಿನಲ್ಲಿ ಅವರು ಖರೀದಿ ವಿಭಾಗದಲ್ಲಿದ್ದರು, ನಾನು ಅಕೌಂಟ್ಸ್‌ನಲ್ಲಿದ್ದೆ. ಅವರು ಕಳಿಸಿದ ಬಿಲ್ಲುಗಳನ್ನು ನಾನು ವಾಪಸ್ ಕಳಿಸುತ್ತಿದ್ದೆ, ಅವರು ಸಿಟ್ಟಾಗುತ್ತಿದ್ದರು. ನಮ್ಮ ಪರಿಚಯ ಅಂದರೆ ಅಷ್ಟೇ. ಆದರೂ ಅಷ್ಟೊಂದು ಪೋರ್ಟಲ್, ಕಂಪನಿಗಳಿಗೆ ಜನ ಹುಡುಕಿಕೊಡುವ ಮೂವರು ಕನ್ಸಲ್ಟೆಂಟ್ ಸೇರಿ ಮಾಡಲಾಗದ್ದು ಅವರಿಂದ ಆಯಿತು. ಹಾಗಾಗಿ ಈ ಹೋಲಿಕೆಯಲ್ಲಿ ನಾನು ಯಾರ ಕಡೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಪರಿಚಯದವರ ಕಡೆ.

ಅಕೌಂಟ್ಸ್‌ನವಳಲ್ವಾ, ಹುಡುಕಾಟಕ್ಕೂ ಒಂದು ಲೆಡ್ಜರ್ ಇಟ್ಟಿದ್ದೆ. ತಾರೀಕು, ಕಂಪನಿ, ಯಾವ ದಾರಿ, ಎಷ್ಟು ನಿಮಿಷ ಹಿಡಿಯಿತು, ಏನಾಯಿತು. ಐದು ತಿಂಗಳ ಕೊನೆಗೆ ಕೂಡಿದಾಗ ಬಂದದ್ದು ಹೀಗೆ. ಜಾಬ್ ಪೋರ್ಟಲ್‌ಗಳಲ್ಲಿ 64 ಅರ್ಜಿ, 5 ಫೋನ್, 2 ಸಂದರ್ಶನ, ಆಫರ್ ಸೊನ್ನೆ. ಕಂಪನಿಗಳ ಸ್ವಂತ ವೆಬ್‌ಸೈಟಿನಲ್ಲಿ 11 ಅರ್ಜಿ, 1 ಸಂದರ್ಶನ. ಕನ್ಸಲ್ಟೆಂಟ್‌ಗಳಿಂದ 2 ಸಂದರ್ಶನ, 1 ಆಫರ್. ಆ ಆಫರ್ ಬಿಟ್ಟೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಕಂಪನಿಗಳಿಗೆ ನೇರವಾಗಿ ಬರೆದ ಇಮೇಲ್ 12, ಉತ್ತರ 2. ಪರಿಚಯದವರಲ್ಲಿ 9 ಜನರನ್ನು ಕೇಳಿದೆ, 3 ಸಂದರ್ಶನ, 1 ಕೆಲಸ. ಒಬ್ಬಳ ಲೆಕ್ಕ ಇದು, ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ.

ಕೆಲಸದಲ್ಲಿ ಇದ್ದುಕೊಂಡೇ ಹುಡುಕುತ್ತಿದ್ದೆ. ರಾತ್ರಿ ಎಲ್ಲ ಮುಗಿದ ಮೇಲೆ ಒಂದೂವರೆ ಗಂಟೆ ಸಿಗುತ್ತಿತ್ತು. ನನ್ನ ಬಜೆಟ್ ಅಂದರೆ ಅದೇ ಒಂದೂವರೆ ಗಂಟೆ. ದುಡ್ಡು ಹಾಕಿದ್ದು ಒಮ್ಮೆ ಮಾತ್ರ, 'ನಿಮ್ಮ ಪ್ರೊಫೈಲ್ ಮೇಲೆ ಕಾಣುವ ಹಾಗೆ ಮಾಡುತ್ತೇವೆ' ಅನ್ನುವ ಪ್ಯಾಕೇಜಿಗೆ. ಪ್ರೊಫೈಲ್ ನೋಡಿದವರು ಜಾಸ್ತಿಯಾದರು, ಫೋನ್ ಜಾಸ್ತಿಯಾಗಲಿಲ್ಲ. ಎರಡನೇ ತಿಂಗಳು ಕಟ್ಟಲಿಲ್ಲ.

ಪೋರ್ಟಲ್‌ನಲ್ಲಿ ಒಂದು ಸಲ ಒತ್ತಿದರೆ ಅರ್ಜಿ ಹೋಗುತ್ತದೆ. ನನಗೆ ಸುಲಭವಾದದ್ದು ಉಳಿದ ನೂರಾರು ಜನಕ್ಕೂ ಸುಲಭ, ತೊಂದರೆ ಇರುವುದೇ ಅಲ್ಲಿ. ಒಂದು ಜಾಹೀರಾತು ಮೂರು ತಿಂಗಳೂ 'ಎರಡು ದಿನದ ಹಿಂದೆ ಹಾಕಿದ್ದು' ಅಂತಲೇ ತೋರಿಸುತ್ತಿತ್ತು. ಅದಕ್ಕೆ ಎರಡು ಸಲ ಅರ್ಜಿ ಹಾಕಿದೆ ನೋಡಿ, ದಡ್ಡತನ ನನ್ನದೇ. ಆದರೆ ಪೋರ್ಟಲ್‌ನಿಂದ ಒಂದು ಲಾಭ ಆಯಿತು. ಬಂದ ಬಿಲ್ಲು ನೋಡಿ ದುಡ್ಡು ಕಟ್ಟಿಸುವ ನನ್ನ ಕೆಲಸಕ್ಕೆ ನಮ್ಮ ಆಫೀಸಿನಲ್ಲಿ 'ಅಕೌಂಟ್ಸ್ ಪೇಯಬಲ್' ಅನ್ನುತ್ತಿದ್ದೆವು. ಬೇರೆ ಕಡೆ ಹೆಚ್ಚುಕಡಿಮೆ ಅದೇ ಕೆಲಸವನ್ನು 'ಪ್ರೊಕ್ಯೂರ್ ಟು ಪೇ' ಅಂತ ಹಾಕಿರುತ್ತಾರೆ. ಎಚ್‌ಆರ್‌ನವರು ಪದ ಹಾಕಿ ಹುಡುಕುತ್ತಾರೆ. ಪದ ಇಲ್ಲದಿದ್ದರೆ ನಾನೂ ಇಲ್ಲ. ರೆಸ್ಯೂಮೆಯಲ್ಲಿ ಎರಡೂ ಪದ ಸೇರಿಸಿದ ಮೇಲೆಯೇ ಆ 5 ಫೋನ್‌ಗಳಲ್ಲಿ 4 ಬಂದದ್ದು.

ಕಂಪನಿಗಳ ಸ್ವಂತ ವೆಬ್‌ಸೈಟಿನದು ಬೇರೆ ಗೋಳು. ರೆಸ್ಯೂಮೆ ಹಾಕಿ ಅನ್ನುತ್ತದೆ, ಹಾಕುತ್ತೇವೆ. ಆಮೇಲೆ ಅದರಲ್ಲಿ ಇರುವುದನ್ನೇ ಒಂದೊಂದಾಗಿ ಮತ್ತೆ ತುಂಬಿಸುತ್ತದೆ. ಒಂದು ಅರ್ಜಿಗೆ 40 ನಿಮಿಷ ಹಿಡಿದದ್ದೂ ಉಂಟು. ನನ್ನ ರೆಸ್ಯೂಮೆ ಚೆಂದ ಕಾಣಲಿ ಅಂತ ಎರಡು ಕಾಲಂ ಮಾಡಿಸಿದ್ದೆ. ಅದನ್ನು ಓದುವ ಸಾಫ್ಟ್‌ವೇರ್ ಎಡಗಡೆಯ ಸಾಲನ್ನೂ ಬಲಗಡೆಯ ಸಾಲನ್ನೂ ಸೇರಿಸಿ ಓದಿತು. ಡಿಗ್ರಿ ಇರಬೇಕಾದ ಜಾಗದಲ್ಲಿ ಹಳೆಯ ಕಂಪನಿಯ ಹೆಸರು ಬಂದು ಕೂತಿತ್ತು. ನಿಮ್ಮದು ಹೇಗಿದೆ ಅಂತ ನೋಡಬೇಕೆಂದರೆ ರೆಸ್ಯೂಮೆಯನ್ನು ಪೂರ್ತಿ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಅಲ್ಲಿ ಕಲಸಿಹೋದರೆ ಅವರ ಕಂಪ್ಯೂಟರಿನಲ್ಲೂ ಕಲಸಿಹೋಗುವ ಸಾಧ್ಯತೆ ಜಾಸ್ತಿ. ನಾನು ಒಂದೇ ಕಾಲಂಗೆ ಇಳಿಸಿದೆ. ಚೆಂದ ಹೋಯಿತು, ಕಾಟವೂ ಹೋಯಿತು.

ನೇರ ಇಮೇಲ್ ಬಗ್ಗೆ ಹೇಳುವುದು ಕಡಿಮೆ. ಸುಮಾರು 1482ರಲ್ಲಿ ಲಿಯೊನಾರ್ಡೊ ಡ ವಿಂಚಿ ಕೆಲಸ ಕೇಳಿಕೊಂಡು ಮಿಲಾನ್‌ ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾಗೆ ಒಂದು ಪತ್ರ ತಯಾರು ಮಾಡಿದ್ದ. ಸೇತುವೆ ಕಟ್ಟುತ್ತೇನೆ, ಕೋಟೆ ಒಡೆಯುವ ಯಂತ್ರ ಮಾಡುತ್ತೇನೆ ಅಂತ ಒಂದೊಂದೇ ಎಣಿಸಿ, ಚಿತ್ರ ಬರೆಯುವ ಮಾತನ್ನು ಕೊನೆಗೆ ಇಟ್ಟಿದ್ದ. ಎದುರಿನವನಿಗೆ ಆಗ ಬೇಕಿದ್ದದ್ದು ಯುದ್ಧದ ಸಾಮಾನು. ನನ್ನ 12 ಇಮೇಲುಗಳು ಇದಕ್ಕೆ ತದ್ವಿರುದ್ಧ, ಪೂರ್ತಿ ನನ್ನದೇ ಪುರಾಣ. ಉತ್ತರ ಬಂದ ಎರಡರಲ್ಲೂ 'ಈಗ ಖಾಲಿ ಇಲ್ಲ' ಅಂತಿತ್ತು.

ಇನ್ನು ಕನ್ಸಲ್ಟೆಂಟ್‌ಗಳು. ಇವರಿಗೆ ದುಡ್ಡು ಕೊಡುವುದು ಕಂಪನಿ. ಸಾಮಾನ್ಯವಾಗಿ ಸೇರಿದವರ ಮೊದಲ ವರ್ಷದ ಸಂಬಳದಲ್ಲಿ ಇಷ್ಟು ಪಾಲು ಅಂತ ಲೆಕ್ಕ. ಅಂದಮೇಲೆ ಅವರು ದುಡಿಯುವುದು ಕಂಪನಿಗಾಗಿ, ನಮಗಾಗಿ ಅಲ್ಲ. ಇದು ತಲೆಗೆ ಹೋದರೆ ಅವರು ಯಾಕೆ ವಾಪಸ್ ಫೋನ್ ಮಾಡುವುದಿಲ್ಲ ಅನ್ನುವುದೂ ಅರ್ಥವಾಗುತ್ತದೆ. ಕೆಲಸ ಕೊಡಿಸಲು ನಮ್ಮ ಹತ್ತಿರವೇ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಡಂಬಡಿಕೆಯ 7ನೇ ವಿಧಿ, ಖಾಸಗಿ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಶುಲ್ಕ ತೆಗೆದುಕೊಳ್ಳಬಾರದು ಅನ್ನುತ್ತದೆ. ಕೆಲವು ವಿನಾಯಿತಿಗಳಿವೆ, ಎಲ್ಲ ದೇಶಗಳೂ ಅದನ್ನು ಅನುಮೋದಿಸಿಲ್ಲ. ಆದರೂ ಯಾವುದು ಸರಿ ಅಂತ ತಿಳಿಯಲು ಅಷ್ಟು ಸಾಕು. ನನ್ನ ಹತ್ತಿರ ಯಾರೂ ದುಡ್ಡು ಕೇಳಲಿಲ್ಲ. ಬಿಟ್ಟ ಆಫರಿನ ಕಥೆ ಬೇರೆ. ಮಾತಿನಲ್ಲಿ ಕಾಯಂ ಕೆಲಸ ಅಂದಿದ್ದರು. ಪತ್ರ ಬಂದಾಗ ಒಂದು ವರ್ಷದ ಕಾಂಟ್ರಾಕ್ಟ್, ಅದೂ ಇನ್ನೊಂದು ಕಂಪನಿಯ ಪೇರೋಲ್ ಮೇಲೆ.

ನನ್ನನ್ನು ನಿಜವಾಗಿ ಕಾಡಿದ ತೊಡಕು ಮಾತ್ರ ಇವು ಯಾವುವೂ ಅಲ್ಲ.

ಎರಡನೇ ತಿಂಗಳಲ್ಲಿ ಒಬ್ಬ ಕನ್ಸಲ್ಟೆಂಟ್ ಫೋನ್ ಮಾಡಿದರು. "ಒಳ್ಳೆ ಕಂಪನಿ ಮೇಡಂ, ರೆಸ್ಯೂಮೆ ಕಳಿಸಿ, ಹೆಸರು ಆಮೇಲೆ ಹೇಳ್ತೀನಿ" ಅಂದರು. ಕಳಿಸಿದೆ. ಅವರು ಹೆಸರು ಹೇಳಲಿಲ್ಲ, ನಾನೂ ಮರೆತೆ. ಎರಡು ತಿಂಗಳ ಮೇಲೆ ಹಳೆಯ ಸಹಪಾಠಿಯೊಬ್ಬಳು ತನ್ನ ಕಂಪನಿಯಲ್ಲಿ ನನಗೆ ಸರಿಹೊಂದುವ ಜಾಗ ಇದೆ ಅಂದಳು. ಖುಷಿಯಿಂದ ರೆಫರ್ ಮಾಡಲು, ಅಂದರೆ ಕಂಪನಿಯ ಸಿಸ್ಟಮ್‌ನಲ್ಲಿ ನನ್ನ ಹೆಸರು ಸೂಚಿಸಲು, ಕೂತಳು. ನನ್ನ ಇಮೇಲ್ ಹಾಕಿದ ತಕ್ಷಣ ಪರದೆಯ ಮೇಲೆ ಕೆಂಪು ಸಾಲು: ಈ ಅಭ್ಯರ್ಥಿ ಈಗಾಗಲೇ ದಾಖಲೆಯಲ್ಲಿದ್ದಾರೆ.

ಆ ಕನ್ಸಲ್ಟೆಂಟ್ ಕಳಿಸಿದ್ದು ಅದೇ ಕಂಪನಿಗೆ. ನನ್ನ ಹೆಸರು ಅವರ ಖಾತೆಯಲ್ಲಿ ಕೂತಿತ್ತು. ಅಲ್ಲಿನ ನಿಯಮದ ಪ್ರಕಾರ ಆರು ತಿಂಗಳು ನಾನು 'ಅವರ ಅಭ್ಯರ್ಥಿ'. ಈ ಗಡುವು ಕಂಪನಿಯಿಂದ ಕಂಪನಿಗೆ ಬೇರೆ, ಕೆಲವು ಕಡೆ ಒಂದು ವರ್ಷವೂ ಇರುತ್ತದೆ. ಗೆಳತಿಗೆ ರೆಫರಲ್ ಬೋನಸ್ ಬರುವುದಿಲ್ಲ ಅನ್ನುವುದು ಸಣ್ಣ ವಿಷಯ, ಅವಳೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ನನ್ನನ್ನು ತೆಗೆದುಕೊಂಡರೆ ಕಂಪನಿ ಕನ್ಸಲ್ಟೆಂಟ್‌ಗೆ ಕಮಿಷನ್ ಕೊಡಬೇಕಿತ್ತು. ಅವರಿಲ್ಲದೆಯೂ ಸಿಗುತ್ತಿದ್ದ ಅಭ್ಯರ್ಥಿಗೆ ಯಾರು ತಾನೇ ಕಮಿಷನ್ ಕಟ್ಟುತ್ತಾರೆ?

ಕನ್ಸಲ್ಟೆಂಟ್‌ಗೆ ಫೋನ್ ಮಾಡಿ ನನ್ನ ಹೆಸರು ವಾಪಸ್ ತಗೊಳ್ಳಿ ಅಂದೆ. "ಪ್ರೋಸೆಸ್‌ನಲ್ಲಿದೆ ಮೇಡಂ" ಅಂದರು. ಎರಡು ತಿಂಗಳಿಂದ ಅಲ್ಲಾಡದೆ ಕೂತದ್ದಕ್ಕೂ ಪ್ರೋಸೆಸ್ ಅನ್ನುತ್ತಾರೆ ಅಂತ ಆವತ್ತು ಗೊತ್ತಾಯಿತು. ಕಂಪನಿಯ ಎಚ್‌ಆರ್‌ಗೆ ಇಮೇಲ್ ಬರೆದೆ. ಯಾವ ಕಂಪನಿ ಅಂತ ನನಗೆ ಹೇಳಿರಲಿಲ್ಲ, ನನ್ನ ಒಪ್ಪಿಗೆ ಕೇಳಿರಲಿಲ್ಲ, ದಯವಿಟ್ಟು ನೋಡಿ ಅಂತ. ಪರಿಶೀಲಿಸುತ್ತೇವೆ ಅಂತ ಉತ್ತರ ಬಂತು. ಮೂರು ವಾರ ಪರಿಶೀಲಿಸಿದರು. ಅಷ್ಟರಲ್ಲಿ ಜಾಗ ತುಂಬಿತು. ಸಂದರ್ಶನದಲ್ಲಿ ಬಿದ್ದಿದ್ದರೆ ಒಂದು ದಿನ ಬೇಜಾರು ಮಾಡಿಕೊಂಡು ಮರೆಯುತ್ತಿದ್ದೆ. ಇದು ಬಾಗಿಲವರೆಗೂ ಹೋಗದೆ ತಪ್ಪಿದ್ದು, ಅದಕ್ಕೇ ಇನ್ನೂ ಚುಚ್ಚುತ್ತದೆ.

ಇನ್ನೊಂದು ಇಮೇಲ್ ಐಡಿಯಿಂದ ಹಾಕಿಬಿಡು ಅಂತ ಒಬ್ಬರು ಸಲಹೆ ಕೊಟ್ಟರು. ಹಾಕಲಿಲ್ಲ. ಫೋನ್ ನಂಬರಿನಿಂದಲೂ ಹೊಂದಿಸಿ ನೋಡುವ ಸಿಸ್ಟಮ್‌ಗಳಿವೆ. ಅಲ್ಲದೆ ಅಕೌಂಟ್ಸ್ ಕೆಲಸ ಕೇಳುವವಳು ಒಳಗೆ ಹೋಗುವಾಗಲೇ ಎರಡು ಖಾತೆ ಇಟ್ಟರೆ ಹೇಗೆ?

ಆಮೇಲೆ ನಾನು ಮಾಡಿದ್ದು ಇಷ್ಟು. ಲೆಡ್ಜರಿಗೆ 'ಯಾರ ಕೈಯಿಂದ ಹೋಗಿದೆ' ಅಂತ ಒಂದು ಕಾಲಂ ಸೇರಿಸಿದೆ. ಕಂಪನಿಯ ಹೆಸರು ಹೇಳದ ಕನ್ಸಲ್ಟೆಂಟ್‌ಗೆ ರೆಸ್ಯೂಮೆ ಕೊಡುವುದನ್ನು ನಿಲ್ಲಿಸಿದೆ. ಕೊಟ್ಟಾಗಲೂ 'ನನ್ನನ್ನು ಕೇಳದೆ ಬೇರೆ ಯಾವ ಕಂಪನಿಗೂ ಕಳಿಸಬೇಡಿ' ಅಂತ ಇಮೇಲಿನಲ್ಲೇ ಬರೆದೆ, ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ವೆಬ್‌ಸೈಟಿನಲ್ಲಿ ಅರ್ಜಿ ಹಾಕುವ ಮೊದಲು ಅಲ್ಲಿ ಗೊತ್ತಿರುವವರು ಯಾರಾದರೂ ಇದ್ದಾರಾ ಅಂತ ನೋಡತೊಡಗಿದೆ. ನಾವೇ ಮೊದಲು ಅರ್ಜಿ ಹಾಕಿಬಿಟ್ಟರೂ ಎಷ್ಟೋ ಕಡೆ ಆಮೇಲೆ ರೆಫರಲ್ ಅಂಟುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಪರಿಚಯದ ದಾರಿಯೇ ಯಾಕೆ ಇಷ್ಟ? ಆ 9 ಜನರಲ್ಲಿ 4 ಜನ ತೀರಾ ಹತ್ತಿರದ ಗೆಳೆಯರು. ಅವರಿಂದ ಒಂದೂ ಸಂದರ್ಶನ ಬರಲಿಲ್ಲ. ಮನಸ್ಸಿಲ್ಲದೆ ಅಲ್ಲ. ಅವರಿಗೆ ಗೊತ್ತಿದ್ದ ಖಾಲಿ ಜಾಗಗಳು ನನಗೂ ಗೊತ್ತಿದ್ದವೇ. ಮೂರೂ ಸಂದರ್ಶನ ಬಂದದ್ದು ವರ್ಷಕ್ಕೊಮ್ಮೆಯೂ ಮಾತಾಡದವರಿಂದ.

ಇದನ್ನು ನನಗಿಂತ ಬಹಳ ಮೊದಲೇ ಲೆಕ್ಕ ಹಾಕಿದವರಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಪಕ್ಕದ ನ್ಯೂಟನ್‌ನಲ್ಲಿ ಹೊಸದಾಗಿ ಕೆಲಸ ಬದಲಿಸಿದ್ದ 282 ಗಂಡಸರನ್ನು ವಿಚಾರಿಸಿದ್ದರು. ಅರ್ಧಕ್ಕಿಂತ ಜಾಸ್ತಿ ಜನಕ್ಕೆ, ಅಂದರೆ ಸುಮಾರು ಶೇ. 56ರಷ್ಟು ಮಂದಿಗೆ, ಕೆಲಸ ಸಿಕ್ಕಿದ್ದು ಪರಿಚಯದವರಿಂದ. ಸುಳಿವು ಕೊಟ್ಟವರನ್ನು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಅಂತಲೂ ಕೇಳಿದ್ದರು. ಆಗಾಗ ಅಂದವರು ಶೇ. 17ರಷ್ಟು ಮಾತ್ರ. ಅಪರೂಪಕ್ಕೆ ಅಂದವರೇ ಶೇ. 28ರಷ್ಟು. ಭೇಟಿಯ ಈ ಅಂಕಿಗಳು 1973ರ ಅವರ ಲೇಖನದಲ್ಲಿವೆ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಐದು ವರ್ಷದ ಮಾಹಿತಿ ನೋಡಿತು. ತೀರಾ ಹತ್ತಿರದವರೂ ಅಲ್ಲದ, ತೀರಾ ದೂರದವರೂ ಅಲ್ಲದ ನಡುವಿನ ಪರಿಚಯಗಳಿಂದಲೇ ಕೆಲಸ ಬದಲಾವಣೆಗೆ ಹೆಚ್ಚು ಅನುಕೂಲ ಅಂತ ಅದರಲ್ಲಿ ಕಂಡಿತು. ಬಿಲ್ ವಾಪಸ್ ಕಳಿಸುವಷ್ಟು ಪರಿಚಯ ಸರಿಯಾಗಿ ಆ ನಡುವಿನದು ಅಂತ ನನ್ನ ಅಂದಾಜು.

ಆ ಖರೀದಿ ವಿಭಾಗದವರಿಗೆ ನಾನು ಬರೆದದ್ದು ಹೀಗೆ: 'ನಮಸ್ಕಾರ ಸರ್. ನಾನು ಹಳೆಯ ಆಫೀಸಿನಲ್ಲಿ ಅಕೌಂಟ್ಸ್‌ನಲ್ಲಿದ್ದೆ. ನೀವೀಗ ಇರುವ ಕಂಪನಿಯಲ್ಲಿ ಈ ನಂಬರಿನ ಹುದ್ದೆ ಖಾಲಿ ಇದೆ ಅಂತ ನೋಡಿದೆ. ನಾನಿನ್ನೂ ಅರ್ಜಿ ಹಾಕಿಲ್ಲ. ರೆಸ್ಯೂಮೆ ಜೊತೆಗಿದೆ. ನಿಮಗೆ ಸರಿ ಅನ್ನಿಸಿದರೆ ಮುಂದೆ ಕಳಿಸಿ, ಇಲ್ಲದಿದ್ದರೆ ಏನೂ ಬೇಜಾರಿಲ್ಲ.' ಬರೆಯಲು ಆರು ನಿಮಿಷ, ಕಳಿಸಲು ಧೈರ್ಯ ಬರಲು ನಾಲ್ಕು ದಿನ. ಆ ಸಂಕೋಚವೇ ಈ ದಾರಿಯ ಅಸಲಿ ಬೆಲೆ. ಆರು ವರ್ಷ ಸುದ್ದಿಯಿಲ್ಲ, ಈಗ ಕೆಲಸ ಬೇಕಾದಾಗ ನೆನಪಾಯಿತಾ ಅಂದರೆ ಏನು ಹೇಳುವುದು?

ಹಾಗೆ ಅನ್ನಲಿಲ್ಲ. "ನನ್ನ ಬಿಲ್ ವಾಪಸ್ ಕಳಿಸ್ತಿದ್ದವರು ನೀವೇ ಅಲ್ವಾ?" ಅಂತ ಕೇಳಿದರು. ಹೌದು ಸರ್ ಅಂದೆ. "ಎಲ್ಲೂ ಅಪ್ಲೈ ಮಾಡ್ಬೇಡಿ. ನಾನು ಲಿಂಕ್ ಕಳಿಸೋವರೆಗೂ ಸುಮ್ನಿರಿ" ಅಂದರು. ಒಂಬತ್ತು ದಿನಕ್ಕೆ ಸಂದರ್ಶನ. ಎಕ್ಸೆಲ್ ಪರೀಕ್ಷೆ ಮಾಡಿದರು, ಎರಡು ಸುತ್ತು ಪ್ರಶ್ನೆ ಕೇಳಿದರು. ರೆಫರಲ್ ಇದೆ ಅಂತ ಯಾರೂ ಸಲೀಸಾಗಿ ಬಿಡಲಿಲ್ಲ. ನನ್ನ ರೆಸ್ಯೂಮೆಯನ್ನು ಒಬ್ಬ ಮನುಷ್ಯ ತೆರೆದು ಓದಿದ, ಸಿಕ್ಕ ಅನುಕೂಲ ಅಷ್ಟೇ. ಪೋರ್ಟಲ್‌ನ 64 ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಅದೂ ಸಿಕ್ಕಿರಲಿಲ್ಲ ಅಂತ ಕಾಣುತ್ತದೆ.

ಈ ದಾರಿ ಎಲ್ಲರಿಗೂ ಸಮ ಅಲ್ಲ, ಅದನ್ನು ಒಪ್ಪುತ್ತೇನೆ. ಈಗಷ್ಟೇ ಓದು ಮುಗಿಸಿದವರಿಗೆ ಬಿಲ್ ವಾಪಸ್ ಕಳಿಸಿಕೊಂಡವರು ಎಲ್ಲಿಂದ ಬರಬೇಕು? ಮನೆಯಲ್ಲಿ ಮೊದಲ ಸಲ ಆಫೀಸು ಕಂಡವರಿಗೆ ಕಂಪನಿಗಳ ಒಳಗೆ ಯಾರು ಗೊತ್ತಿರುತ್ತಾರೆ? ಅಂಥವರಿಗೆ ಪೋರ್ಟಲ್ ಎಷ್ಟೇ ಗೋಳಾದರೂ ಬಾಗಿಲಂತೂ ಹೌದು. ನಾನು 12 ವರ್ಷ ಕೆಲಸ ಮಾಡಿದವಳು, ರಾತ್ರಿ ಒಂದೂವರೆ ಗಂಟೆ ಮಾತ್ರ ಇದ್ದವಳು. ಮತ್ತೆ ಹುಡುಕಬೇಕಾಗಿ ಬಂದರೆ ವಾರದಲ್ಲಿ ಒಂದು ರಾತ್ರಿ ಪೋರ್ಟಲ್‌ಗೆ, ಅದೂ ಯಾವ ಕಂಪನಿಯಲ್ಲಿ ಏನು ಖಾಲಿ ಇದೆ ಅಂತ ತಿಳಿಯಲು. ಉಳಿದ ರಾತ್ರಿಗಳು ಹಳೆಯ ಫೋನ್ ನಂಬರುಗಳಿಗೆ. ಕನ್ಸಲ್ಟೆಂಟ್ ಫೋನ್ ಮಾಡಿದರೆ ಮೊದಲ ಪ್ರಶ್ನೆ ನನ್ನದು: ಕಂಪನಿ ಯಾವುದು?

ಸೇರಿ ಏಳು ತಿಂಗಳಾಯಿತು. ಅವರು ಇಲ್ಲೂ ಖರೀದಿ ವಿಭಾಗದಲ್ಲೇ ಇದ್ದಾರೆ. ಕಳೆದ ವಾರ ಅವರ ಒಂದು ಬಿಲ್ ವಾಪಸ್ ಕಳಿಸಿದೆ. ಪರ್ಚೇಸ್ ಆರ್ಡರ್ ನಂಬರ್ ಹಾಕಿರಲಿಲ್ಲ.