ತಳಿ ಅಪರೂಪದ್ದೆಂಬ ಕಾರಣಕ್ಕೆ ಹಾಳಾದ ವೈನ್ ಒಪ್ಪಿಕೊಳ್ಳಬೇಡಿ

ಅಳಿವಿನಂಚಿಗೆ ಹೋಗಿ ಬಂದ ದ್ರಾಕ್ಷಿ ತಳಿಗಳ ಕೆಂಪು ವೈನನ್ನು ಹುಡುಕಿ ಹುಡುಕಿ ಕೊಳ್ಳುವವರು ದಯವಿಟ್ಟು ಇದನ್ನು ಓದಿ. ಇಟಲಿಯ ಫ್ರಿಯುಲಿ ಪ್ರದೇಶದ ಸ್ಕಿಯೊಪ್ಪೆಟ್ಟಿನೊ ತಳಿಯದೆಂದು ನಂಬಿಸಿ ಆನ್‌ಲೈನ್ ಮಾರಾಟಗಾರರೊಬ್ಬರು ನನಗೆ ಒಂದು ಪೆಟ್ಟಿಗೆ ವೈನ್ ಕಳುಹಿಸಿದರು. ಸಣ್ಣ ತೋಟ, ಕೈಯಿಂದಲೇ ಕೊಯ್ದ ಹಣ್ಣು, ಸೋಸಿಲ್ಲ, ವೈನ್ ಕೆಡದಂತೆ ಕಾಯುವ ಸಲ್ಫೈಟ್ ಬೆರೆಸಿಲ್ಲ ಎಂದೆಲ್ಲ ವರ್ಣನೆ ಇತ್ತು.

ಮೊದಲ ಬಾಟಲಿಯ ಬಿರಡೆ ಅರ್ಧ ಎಳೆಯುವಷ್ಟರಲ್ಲೇ ಬುಸ್ಸೆಂದು ತಾನಾಗಿ ಮೇಲೆದ್ದಿತು. ಗ್ಲಾಸಿನ ಅಂಚಿನುದ್ದಕ್ಕೂ ಸಣ್ಣ ಗುಳ್ಳೆಗಳು. ಮೂಗಿಗೆ ಬಡಿದದ್ದು ಉಗುರುಬಣ್ಣ ಅಳಿಸುವ ದ್ರವದ ಘಾಟು. ಗುಟುಕು ನುಂಗಿದಾಗ ಬರೀ ಹುಳಿ; ಸ್ವಲ್ಪ ಹೊತ್ತಿಗೆ ಗಂಟಲಿನಿಂದ ಇಲಿಗೂಡಿನ ನಾತ ಎದ್ದು ಬಂದು ನಾಲಿಗೆಗೆ ಅಂಟಿಕೊಂಡಿತು. ಆಮೇಲೆ ತೆರೆದ ಬಾಟಲಿಗಳೂ ಹಾಗೆಯೇ ಇದ್ದವು.

ದೂರಿದರೆ ಬಂದ ಉತ್ತರ: 'ಈ ತಳಿಯ ಸ್ವಭಾವವೇ ಹೀಗೆ, ನಾಲಿಗೆ ಒಗ್ಗಬೇಕು.' ಹಣ ಮರಳಲಿಲ್ಲ. ಹಣಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಕೆರಳಿಸಿತು. ಹೆಸರಾದ ತಳಿಯ ವೈನ್ ಹೀಗಿದ್ದರೆ ಯಾರೂ ಸುಮ್ಮನಿರುವುದಿಲ್ಲ. ಅಪರೂಪದ ತಳಿಯ ಅಸಲಿ ರುಚಿ ಬಲ್ಲವರು ಕಡಿಮೆ, ಹಾಗಾಗಿ ಹಾಳಾದ ಸರಕನ್ನು ಅದರ ಹೆಸರಿನಲ್ಲಿ ಸಾಗಹಾಕುವುದು ಸುಲಭ.

ಸ್ಕಿಯೊಪ್ಪೆಟ್ಟಿನೊದ ಗುರುತು ಕರಿಮೆಣಸಿನ ಪರಿಮಳ. ಮೆಣಸಿಗೆ ಘಮ ಕೊಡುವ ರೊಟಂಡೋನ್ ಎಂಬ ಸಂಯುಕ್ತವೇ ಈ ದ್ರಾಕ್ಷಿಯಲ್ಲೂ ಇದೆ. ನಾನು ಕಂಡದ್ದೆಲ್ಲ ಬೇರೆ. ಆ ಘಾಟು ಈಥೈಲ್ ಅಸಿಟೇಟಿನದು. ವೈನ್ ವಿನೆಗರ್ ಕಡೆಗೆ ಹೊರಳಿದಾಗ ಬರುವಂಥದ್ದು. ಗುಳ್ಳೆ ಎಂದರೆ ಬಾಟಲಿಯೊಳಗೇ ಮತ್ತೆ ಹುದುಗು ಎದ್ದಿದೆ ಎಂದರ್ಥ. ಇಲಿನಾತವಂತೂ ಮೂಸಿದರೆ ಸಿಕ್ಕಿಬೀಳುವುದೇ ಅಪರೂಪ: ವೈನಿನ ಆಮ್ಲದಲ್ಲಿ ಅಡಗಿದ್ದು, ಎಂಜಲು ಬೆರೆತು ಆಮ್ಲೀಯತೆ ತಗ್ಗಿದ ಮೇಲೆ ಹೊರಬೀಳುತ್ತದೆ. ಇವು ಯಾವ ತಳಿಯ ಗುಣವೂ ಅಲ್ಲ, ತಯಾರಿಕೆಯ ದೋಷಗಳು. ಸಲ್ಫೈಟ್ ಇಲ್ಲದೆಯೂ ಶುದ್ಧವಾದ ವೈನ್ ಮಾಡುವವರಿದ್ದಾರೆ. ಅವರು ಪೀಪಾಯಿ, ಕೊಳವೆಗಳ ಸ್ವಚ್ಛತೆಯಲ್ಲಿ ಇತರರಿಗಿಂತ ಕಟ್ಟುನಿಟ್ಟು.

1970ರ ದಶಕದಲ್ಲಿ, ಅಧಿಕೃತ ತಳಿಗಳ ಪಟ್ಟಿಯಲ್ಲೂ ಜಾಗವಿಲ್ಲದಿದ್ದಾಗ, ಫ್ರಿಯುಲಿಯ ಪ್ರೆಪೊಟ್ಟೊ ಊರಿನ ಸುತ್ತಲಿನ ಬೆಳೆಗಾರರು ಹಟ ಹಿಡಿದು ಉಳಿಸಿಕೊಂಡ ಬಳ್ಳಿ ಸ್ಕಿಯೊಪ್ಪೆಟ್ಟಿನೊ. ಅದರ ಹೆಸರಿಗೆ ಇಂಥ ಮಸಿ ಬಳಿಯುವುದು ಆ ಬೆಳೆಗಾರರಿಗೆ ಮಾಡುವ ಅನ್ಯಾಯ.

ಇನ್ನೊಂದು ವಿಷಯ. ಲೇಬಲ್ಲಿನಲ್ಲಿ ಒಂದೇ ತಳಿಯ ಹೆಸರು ಹಾಕಬೇಕಾದರೆ ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಕನಿಷ್ಠ ಶೇ. 85ರಷ್ಟು ಅದೇ ದ್ರಾಕ್ಷಿ ಇರಬೇಕು. ನನಗೆ ಬಂದ ಬಾಟಲಿಯ ಮೇಲೆ ಇದ್ದದ್ದು 'ಕೆಂಪು ವೈನ್' ಎಂದಷ್ಟೇ. ತಳಿಯ ಹೆಸರು ಮಾರಾಟಗಾರರ ಜಾಹೀರಾತಿನಲ್ಲಿ ಮಾತ್ರ! ಒಳಗೆ ಯಾವ ದ್ರಾಕ್ಷಿ ಇತ್ತೋ ಹೇಳುವವರಿಲ್ಲ. ಹಾಗಾಗಿ ಹಣ ಕಟ್ಟುವ ಮೊದಲೇ ಲೇಬಲ್ಲಿನ ಎರಡೂ ಬದಿಯ ಚಿತ್ರ ಕೇಳಿ, ದೋಷವಿದ್ದರೆ ವಾಪಸು ಪಡೆಯುತ್ತೇವೆ ಎಂದು ಬರಹದಲ್ಲಿ ತೆಗೆದುಕೊಳ್ಳಿ. ಕೊಡಲು ಹಿಂಜರಿದರೆ ಅವರಿಂದ ಕೊಳ್ಳಲೇಬೇಡಿ.