ಫ್ರೀಜರ್‌ನಲ್ಲಿ ಇಡಿ ಅಂದರು, ಇಟ್ಟೆ, ಐರಿಸ್ ಕೊಳೆಯಿತು

ಐದಕ್ಕೆ ಎರಡು ಸ್ಟಾರ್. ಎರಡೂ ಪ್ಯಾಕಿಂಗ್‌ಗೆ.

ಜನವರಿಯಲ್ಲಿ ಪುಣೆಯ ಎಂಪ್ರೆಸ್ ಗಾರ್ಡನ್‌ನ ಹೂವಿನ ಪ್ರದರ್ಶನ ನೋಡಿಕೊಂಡು ಬಂದ ಹುಮ್ಮಸ್ಸಿನಲ್ಲಿ ಒಂದು ಆನ್‌ಲೈನ್ ನರ್ಸರಿಯಿಂದ ಬಿಯರ್ಡೆಡ್ ಐರಿಸ್ ಅನ್ನೋ ಹೂವಿನ ಗಿಡದ ಗೆಡ್ಡೆ ತರಿಸಿದೆ. ನಾಲ್ಕಕ್ಕೆ 640 ರೂಪಾಯಿ. ಒಳ್ಳೆ ದಪ್ಪ ಶುಂಠಿ ಹಾಗಿದ್ದವು, ಒತ್ತಿದರೆ ಗಟ್ಟಿ. ಒಂದೊಂದನ್ನೂ ಪೇಪರ್‌ನಲ್ಲಿ ಸುತ್ತಿ ಕಳಿಸಿದ್ದರು.

ಜೊತೆಗೊಂದು ಚೀಟಿ: ನೀರು ಹೆಪ್ಪುಗಟ್ಟುವಂಥ ಚಳಿ ಬರುವ ಆರು ವಾರ ಮೊದಲು ನೆಡಿ. ಪುಣೆಯ ಕೋಥ್ರೂಡ್‌ನ ನನ್ನ ಬಾಲ್ಕನಿಗೆ ಆ ಚಳಿ ಎಲ್ಲಿಂದ ತರಲಿ? ಫೋನ್ ಮಾಡಿದೆ. "ಇವಕ್ಕೆ ಚಳಿ ಬೇಕೇ ಬೇಕು ಮೇಡಂ, ಎರಡು ವಾರ ಫ್ರೀಜರ್‌ನಲ್ಲಿಡಿ, ಆಮೇಲೆ ನೆಡಿ" ಅಂದರು. ನಾನೂ ಸುಮ್ನೆ ನಂಬಿದೆ. ಬಟಾಣಿ ಪ್ಯಾಕೆಟ್ ಪಕ್ಕ ಮೂರು ಹಿಡಿಸಿದವು, ನಾಲ್ಕನೆಯದಕ್ಕೆ ಜಾಗ ಸಾಲದೆ ಕಿಟಕಿ ಹತ್ತಿರವೇ ಬಿಟ್ಟೆ.

ಹೊರಗೆ ತೆಗೆದು ಒಂದು ಗಂಟೆಯಲ್ಲೇ ಮೂರರಿಂದಲೂ ಕಂದು ನೀರು ಸೋರತೊಡಗಿತು. ಬೆರಳಿಟ್ಟರೆ ಬೆಂದ ಆಲೂಗಡ್ಡೆ ಹಾಗೆ ಒಳಗೆ ಹೋಗುತ್ತೆ! ಆದರೂ ಆಸೆ ಬಿಡದೆ ಕುಂಡದಲ್ಲಿಟ್ಟೆ, ವಾರದೊಳಗೆ ಬಾಲ್ಕನಿ ಬಾಗಿಲು ತೆಗೆಯೋಕೆ ಆಗದಷ್ಟು ನಾತ.

ಆಮೇಲೆ ಓದಿ ತಿಳಿದದ್ದು ಇಷ್ಟು. ಚೀಟಿಯಲ್ಲಿದ್ದ ಮಾತು ಸುಳ್ಳಲ್ಲ, ಅದು ಚಳಿ ದೇಶದವರಿಗೆ ಹೇಳಿದ್ದು. ಅಲ್ಲಿ ಜುಲೈನಿಂದ ಸೆಪ್ಟೆಂಬರ್ ಒಳಗೆ ನೆಡುತ್ತಾರೆ. ಬೇರು ಹಿಡಿದ ಗಿಡ ಮೆಲ್ಲಗೆ ಚಳಿಗೆ ಒಗ್ಗಿಕೊಂಡು ಹಿಮದ ಅಡಿಯಲ್ಲೂ ಬದುಕುತ್ತೆ. ತಡವಾಗಿ ನೆಟ್ಟರೆ, ಮಣ್ಣು ಹೆಪ್ಪುಗಟ್ಟಿ ಮತ್ತೆ ಕರಗುವಾಗ ಬೇರಿಲ್ಲದ ಗೆಡ್ಡೆಯನ್ನು ಮೇಲಕ್ಕೆ ಎತ್ತಿಬಿಡುತ್ತೆ. ಬರಿಯ ಗೆಡ್ಡೆಯನ್ನು ಒಮ್ಮೆಲೇ ಫ್ರೀಜರ್‌ಗೆ ತುರುಕಿದರೆ ಒಳಗಿನ ನೀರು ಮಂಜುಗಡ್ಡೆಯಾಗಿ ಜೀವಕೋಶ ಒಡೆಯುತ್ತೆ, ಅಷ್ಟೇ ಕಥೆ. ಚಳಿ ಬೇಕು ಅನ್ನೋದೂ ಫ್ರೀಜರ್‌ನಲ್ಲಿಡೋದೂ ಒಂದೇ ಅಲ್ಲ ಅಲ್ವಾ?

ದೂರು ಕೊಟ್ಟರೆ "ನೀವು ಜಾಸ್ತಿ ದಿನ ಇಟ್ಟಿರಬೇಕು" ಅಂದರು. ಹದಿನಾಲ್ಕು ದಿನ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇನೆ. ದುಡ್ಡು ವಾಪಸ್ ಇಲ್ಲ, ಮುಂದಿನ ಖರೀದಿಗೆ 100 ರೂಪಾಯಿ ಕೂಪನ್ ಅಂತೆ.

ಫ್ರೀಜರ್‌ನಲ್ಲಿ ಜಾಗ ಸಿಗದ ಆ ನಾಲ್ಕನೆಯದು ಮಾತ್ರ ಬದುಕಿದೆ. ಬೆನ್ನು ಬಿಸಿಲಿಗೆ ಕಾಣುವ ಹಾಗೆ, ಮರಳು ಬೆರೆಸಿದ ಮಣ್ಣಿನಲ್ಲಿ ಇಟ್ಟೆ. ಬೀಸಣಿಗೆ ಹಾಗೆ ಐದು ಎಲೆ ಬಿಟ್ಟಿದೆ. ಹೂವು? ಇಲ್ಲಿನ ಚಳಿಗೆ ಕಷ್ಟವೇ. ಮಳೆಗಾಲದಲ್ಲಿ ಕುಂಡವನ್ನು ಸೂರಿನಡಿ ಸರಿಸಬೇಕು, ಇಲ್ಲದಿದ್ದರೆ ಇದೂ ಕೊಳೆಯುತ್ತೆ.